ಬಾಯಲ್ಲಿ ಹೇಳಿದರೆ ಮೊಬೈಲ್ ವಾಪಸ್

ಒಂದು ಮಾತು ಕೇಳಿ ಗೆಳೆಯರೇ, ನಮ್ಮ ದೊಡ್ಡತ್ತೆಯ ಮುಂದೆ ಓದಿನ ಜಂಬ ಕೊಚ್ಚಬಾರದು. ನಾಡಿದ್ದು ನನಗೆ ಅರ್ಥಶಾಸ್ತ್ರದ ಪರೀಕ್ಷೆ. ಕಳೆದ ಸಲ ಫೇಲಾದದ್ದೂ ಅದರಲ್ಲೇ. ಇವತ್ತು ಬೆಳಿಗ್ಗೆಯಿಂದ ಮೊಬೈಲಿನಲ್ಲಿ ನೋಟ್ಸ್ ಓದುತ್ತಿದ್ದೆ. ಅತ್ತೆ ಬಂದವರೇ ಮೊಬೈಲ್ ಕಿತ್ತುಕೊಂಡರು.

"ಏನ್ ಓದ್ದೆಪ್ಪಾ? ಬಾಯಾಗೆ ಹೇಳು."

"ಎಲ್ಲಾ ಓದೀನಿ, ಕೊಡ್ರಿ ಅತ್ತೆ."

"ಹೇಳು, ಕೊಡ್ತೀನಿ. ನಾವು ಹಿಂಗೇ ಓದಿದ್ದು."

ಎಂಬತ್ತರ ದಶಕದಲ್ಲಿ ಅವರು ಸವಳಂಗದಿಂದ ಹೊನ್ನಾಳಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದರಂತೆ. ಮೂವರು ಗೆಳತಿಯರಿಗೆ ಒಂದೇ ಪುಸ್ತಕ. ಓದಿದವಳು ಬಸ್‌ಸ್ಟ್ಯಾಂಡಿನಲ್ಲಿ ಪಾಠವನ್ನು ಬಾಯಲ್ಲಿ ಒಪ್ಪಿಸಿಯೇ ಪುಸ್ತಕ ದಾಟಿಸಬೇಕು. ತಡವರಿಸಿದರೆ ಅದು ಇನ್ನೊಂದು ದಿನ ಅವಳ ಬಳಿಯೇ.

"ಒಂದಿನ ನಾನು ತಡವರಿಸ್ದೆ. ನನ್ನಿಂದ ಅವ್ರಿಬ್ರಿಗೂ ಓದಾಕೆ ಆಗ್ಲಿಲ್ಲ. ಅವತ್ತಿನ ಸಂಕಟ ಇನ್ನೂ ನೆನಪೈತೆ. ಹ್ಞೂಂ, ನೀನು ಶುರು ಮಾಡು."

ಬೇಡಿಕೆ ಅಂದರೇನು ಎಂದು ಶುರು ಮಾಡಿ ಎರಡನೇ ವಾಕ್ಯಕ್ಕೇ ನಿಂತೆ. ಬೆಳಿಗ್ಗೆಯಿಂದ ಬೆರಳು ಸರಿಸಿದ್ದನ್ನೇ ಓದು ಅಂದುಕೊಂಡಿದ್ದೆ.

ಇದನ್ನು ಅಕ್ಕನ ಮೊಬೈಲಿನಿಂದ ಬರೆಯುತ್ತಿದ್ದೇನೆ. ನನ್ನದು ಇನ್ನೂ ಅತ್ತೆಯ ದಿಂಬಿನಡಿಯಲ್ಲಿದೆ. ನಗುವವರು ನಗಿ. ಆದರೆ ಪುಸ್ತಕ ಮುಚ್ಚಿಟ್ಟು, ಇವತ್ತು ಓದಿದ್ದನ್ನು ನಮ್ಮ ಅತ್ತೆಗೆ ಬಾಯಲ್ಲಿ ಒಪ್ಪಿಸುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ?