ಸುನೌಲಿಯ ಗೇಟಿನಲ್ಲಿ ಕಾದ ಮೂರು ದಿನ

ನನ್ನನ್ನು ಪೆದ್ದ ಎಂದು ಕರೆಯುವವರಿಗೆ ನಾನೀಗ ಎದುರು ಮಾತಾಡುವುದಿಲ್ಲ. ನೇಪಾಳದ ಗಡಿಯ ಗೇಟಿನ ಪಕ್ಕ, ಸೈಕಲ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ, ಒಬ್ಬ ಮನುಷ್ಯನಿಗಾಗಿ ಮೂರು ದಿನ ಕೂತಿದ್ದವನನ್ನು ಬೇರೇನೆಂದು ಕರೆಯಬೇಕು?

ಆ ಮನುಷ್ಯ ನನ್ನ ರಿಲೀವರ್, ನನ್ನ ಶಿಫ್ಟ್ ಮುಗಿದಾಗ ಬಂದು ಮಿಷನ್ ವಹಿಸಿಕೊಳ್ಳುವವನು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಒಂದೇ ಲೇತಿನ ಮೇಲೆ ಒಂಬತ್ತು ವರ್ಷ ದುಡಿದವರು ನಾವು. ನನ್ನದು ಬೆಳಗಿನ ಶಿಫ್ಟ್ ಆದರೆ ಅವನದು ಮಧ್ಯಾಹ್ನದ್ದು, ವಾರ ತಿರುಗಿದರೆ ಅದಲುಬದಲು. ರಿಲೀವರ್ ಬಂದು ಎದುರಿಗೆ ನಿಲ್ಲುವವರೆಗೆ ಮಿಷನ್ ಬಿಟ್ಟು ಕದಲಬಾರದು ಎಂಬುದು ನಮ್ಮ ಶೆಡ್ಡಿನ ಕಟ್ಟುನಿಟ್ಟು. ಸೈರನ್ ಕೂಗಲಿ, ಬಸ್ಸು ಹೋಗಲಿ, ಹೊಟ್ಟೆ ಚುರುಗುಟ್ಟಲಿ, ನಿಂತಿರಬೇಕು. ಅವನು ತಡಮಾಡಿದ್ದುಂಟು, ಬಾರದೇ ಇದ್ದದ್ದಿಲ್ಲ. ಮದುವೆಯಾದ ಮೂರನೇ ದಿನ ಕೈಯಲ್ಲಿ ಕಂಕಣ ಕಟ್ಟಿಕೊಂಡೇ ಬಂದಿದ್ದ.

ಶಿಫ್ಟ್ ಬದಲಾಗುವ ಆ ಹತ್ತು ನಿಮಿಷದಲ್ಲೇ ನಮ್ಮ ಸ್ನೇಹ ಬೆಳೆದದ್ದು, ಸೈಕಲ್ ಹುಚ್ಚು ಹತ್ತಿದ್ದು. ಅವನದು ಅಂಚೆಟ್ಟಿಯ ಆಚೆ ನಾಟ್ರಾಂಪಾಳ್ಯ. ಬಸ್ಸು ತಪ್ಪಿದರೆ ಕಾಡಿನ ದಾರಿಯಲ್ಲಿ ನಡೆಯಬೇಕಾದ ಊರು, ಹಾಗಾಗಿ ಚಿಕ್ಕಂದಿನಿಂದ ಪೆಡಲ್ ತುಳಿದ ಕಾಲು ಅವನದು. ನನ್ನದು ಕರ್ನಾಟಕದ ಗಡಿಗೆ ಅಂಟಿಕೊಂಡ ಗುಮ್ಮಳಾಪುರ. ಭಾನುವಾರಗಳಲ್ಲಿ ಇಬ್ಬರೂ ಅಂಚೆಟ್ಟಿಯ ಏರು ಹತ್ತುತ್ತಿದ್ದೆವು. ಅಲ್ಲೇ ಒಮ್ಮೆ ನೀರು ಕುಡಿಯುತ್ತಾ, ಬಾರ್ಡರ್ ದಾಟಾಣ ಕಣ್ಲಾ ಅಂದ. ನಾನು ನಕ್ಕೆ. ನಮ್ಮೂರಿನವರು ದಿನಕ್ಕೆರಡು ಸಲ ಬಾರ್ಡರ್ ದಾಟುತ್ತೇವೆ. ರಾಗಿ ಬೀಸಲು ಕರ್ನಾಟಕ, ರೇಷನ್ನಿಗೆ ತಮಿಳುನಾಡು. ಅವನು ಹೇಳಿದ್ದು ದೇಶದ ಬಾರ್ಡರ್.

ಆ ವರ್ಷ ನಮ್ಮ ಶೆಡ್ಡನ್ನು ಬೇರೆ ಕಡೆಗೆ ಸಾಗಿಸಬೇಕೆಂದು ಕಾರ್ಖಾನೆ ಮೂರು ತಿಂಗಳು ಸಂಬಳವಿಲ್ಲದ ರಜೆ ಕೊಟ್ಟಿತು. ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತರೆ ನಾವಿಬ್ಬರೂ ನಕಾಶೆ ಬಿಡಿಸಿದೆವು. ಇಲ್ಲಿಂದ ನೇಪಾಳ, ಅದರ ಪೂರ್ವದ ತುದಿಯಿಂದ ಭೂತಾನ್. ಹೆಂಡತಿ ಒಂದು ವಾರ ಬೈದು, ಆಮೇಲೆ ತಾನೇ ಹುರಿಹಿಟ್ಟು ಮಾಡಿ ಕಟ್ಟಿಕೊಟ್ಟಳು. ಎಂಟನೇ ತರಗತಿಯಲ್ಲಿದ್ದ ಮಗಳು, ನಮ್ಮಪ್ಪ ಮೂರು ದೇಶದಲ್ಲಿ ಸೈಕಲ್ ಹೊಡೀತಾರೆ ಎಂದು ಶಾಲೆಯಲ್ಲೆಲ್ಲ ಸಾರಿ ಬಂದಳು.

ನೇಪಾಳದ ಗಡಿಯ ಊರಾದ ಸುನೌಲಿ ಮುಟ್ಟಲು ಇಪ್ಪತ್ತೊಂಬತ್ತು ದಿನ ಹಿಡಿಯಿತು. ಒಳ್ಳೆಯ ದಿನಗಳು, ಸುಳ್ಳು ಹೇಳಲಾರೆ. ಢಾಬಾಗಳ ಹಗ್ಗದ ಮಂಚದಲ್ಲಿ ಮಲಗಿದೆವು, ಒಂದೇ ತಟ್ಟೆಯಲ್ಲಿ ಉಂಡೆವು. ನನ್ನ ಹತ್ತಿರ ಇದ್ದದ್ದು ಬಟನ್ ಫೋನು. ಅವನ ದೊಡ್ಡ ಫೋನಿನಲ್ಲಿ ವಿಡಿಯೋ ತೆಗೆಯುವ ಕೆಲಸ ನನ್ನದು. ಇಳಿಜಾರಿನ ಬುಡದಲ್ಲಿ ನಾನು ನಿಲ್ಲಬೇಕು, ಅವನು ಮೇಲಿಂದ ಗಾಳಿಯಂತೆ ಬರಬೇಕು. ನನ್ನ ನೆರಳು ರಸ್ತೆಯ ಮೇಲೆ ಬಿದ್ದರೆ ವಾಪಸ್ಸು ಹತ್ತಿಹೋಗಿ ಮತ್ತೆ ತೆಗೆಸುತ್ತಿದ್ದ. ಚೆಂದ ಬರಲಿ ಅಂತ ಇರಬೇಕು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಸುನೌಲಿಯಲ್ಲಿ ನನ್ನ ಹಿಂದಿನ ಚಕ್ರದ ಬೇರಿಂಗ್ ಹೋಯಿತು. ಗೇಟು ಕಣ್ಣಳತೆಯಲ್ಲಿತ್ತು. ನೀನಿಲ್ಲಿ ರಿಪೇರಿ ಮಾಡಿಸ್ತಿರು, ನಾನು ಆಚೆ ರೂಮ್ ನೋಡ್ಕೊಂಡು ಸಂಜಿಕೆ ಬತ್ತೀನಿ ಅಂದ. ನನ್ನ ಆಧಾರ್, ಮತದಾರರ ಚೀಟಿ ಎರಡೂ ಅವನ ಪ್ಲಾಸ್ಟಿಕ್ ಕವರಿನಲ್ಲಿದ್ದವು. ನಾನು ಸಾಮಾನು ಕಳೆದುಕೊಳ್ಳುವವನೆಂದು ಮೊದಲ ದಿನವೇ ಅವನಿಗೆ ಕೊಟ್ಟಿದ್ದೆ. ಅವನು ಗೇಟು ದಾಟಿದ್ದನ್ನು ಕಣ್ಣಾರೆ ನೋಡಿದೆ. ತಿರುಗಿ ಕೈ ಬೀಸಿದ ಕೂಡ.

ಸಂಜೆಯಾಯಿತು, ಬರಲಿಲ್ಲ. ನಮ್ಮ ಸಿಮ್ಮು ಆಚೆ ಹಿಡಿಯುವುದಿಲ್ಲ, ಅದಕ್ಕೇ ಫೋನಿಲ್ಲ ಎಂದುಕೊಂಡೆ. ಎರಡನೇ ದಿನ ಅವನಿಗೇನೋ ಅಪಘಾತವಾಗಿದೆ ಎಂದು ಜೀವ ಬಾಯಿಗೆ ಬಂತು. ಕಾರ್ಖಾನೆಯ ಬಿಹಾರಿಗಳಿಂದ ಕಲಿತ ಹಿಂದಿಯಲ್ಲಿ ಆ ಕಡೆಯಿಂದ ಬಂದ ಲಾರಿಯವರನ್ನೆಲ್ಲ ಕೇಳಿದೆ. ಹುಡುಕಿಕೊಂಡು ಹೋಗೋಣವೆಂದರೆ ಗೇಟಿನವರು ಚೀಟಿ ಕೇಳಿ ವಾಪಸ್ಸು ಕಳಿಸಿದರು. ಅವನು ಹೋದ ಅಣ್ಣಾ, ಬರಲ್ಲ ಎಂದು ರಿಪೇರಿಯವನು ಹೇಳಿದಾಗ ಆ ಪಾಪದವನ ಮೇಲೆಯೇ ರೇಗಿದೆ. ನಮ್ಮ ರಿಲೀವರ್ ವಿಷಯ ಅವನಿಗೇನು ಗೊತ್ತು? ಅಂಗಡಿಯ ಮುಂದಿನಿಂದ ಕದಲಲಿಲ್ಲ. ಬಂದು ನೋಡಿ ನಾನಿಲ್ಲದಿದ್ದರೆ ಅವನು ಗಾಬರಿಯಾಗುತ್ತಾನಲ್ಲ ಎಂಬ ಚಿಂತೆ ನನಗೆ.

ಮೂರನೇ ದಿನ ಮನೆಗೆ ಫೋನ್ ಮಾಡಿದೆ. ಮಗಳು ಎತ್ತಿಕೊಂಡಳು. ಅವನು ನೇಪಾಳದ ಬೆಟ್ಟದಲ್ಲಿರುವ ವಿಡಿಯೋ ಇಂಟರ್ನೆಟ್ಟಿನಲ್ಲಿ ಬಂದಿದೆ, ನೀನ್ಯಾಕೆ ಒಂದರಲ್ಲೂ ಕಾಣುತ್ತಿಲ್ಲ ಎಂದು ಕೇಳಿದಳು. ಹೊರಟ ದಿನದಿಂದಲೂ ಅವನು ಒಬ್ಬನೇ ಮೂರು ದೇಶ ಸುತ್ತುತ್ತಿದ್ದೇನೆಂದು ಹೇಳಿಕೊಳ್ಳುತ್ತಿದ್ದನಂತೆ. ನಾನು ಕೈಯಾರೆ ತೆಗೆದ ವಿಡಿಯೋಗಳ ಕೆಳಗೇ ಹಾಗೆ ಬರೆದು! ಬೀದಿಯಲ್ಲಿ ನಿಂತು ಅತ್ತುಬಿಟ್ಟೆ. ಆದದ್ದನ್ನೆಲ್ಲ ಅವಳಿಗೆ ಹೇಳಿದೆ. ನೀನು ಬಾ ಅಪ್ಪಾ, ನಾನು ಎಲ್ಲರಿಗೂ ನಿಜ ಹೇಳುತ್ತೇನೆ ಅಂದಳು.

ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಬಂದೆ. ನನ್ನ ಮಾತನ್ನು ಪೂರ್ತಿ ನಂಬಿದವಳು ಮಗಳೊಬ್ಬಳೇ. ಹೆಂಡತಿ ಕೂಡ, ಭಯ ಆಗಿ ವಾಪಸ್ಸು ಬಂದಿದ್ದರೆ ಆಯಿತು ಬಿಡಿ, ಅದರಲ್ಲೇನು ಅಂದಳು. ಹೊಸ ಶೆಡ್ಡಿನಲ್ಲಿ ಕೆಲಸ ಶುರುವಾದ ದಿನ ಎರಡು ಗಂಟೆಗೆ ಸರಿಯಾಗಿ ಅವನು ಬಂದ. ನನ್ನ ಚೀಟಿಗಳನ್ನು ನನ್ನ ಜೇಬಿಗೆ ತುರುಕಿದ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಮುಖ ತಪ್ಪಿಸಲೂ ಇಲ್ಲ.

"ಇಬ್ರು ಹೋದ್ರೆ ಯಾರ್ಲಾ ನೋಡ್ತಾರೆ? ಒಬ್ನೇ ಹೋದ್ರೇನೇ ಜನ ನೋಡಾದು. ನಿನ್ಗೇನ್ ಕಮ್ಮಿಯಾಯ್ತು, ನೀನೂ ಸುತ್ತಿದ್ಯಲ್ಲ."

ಮಿಷನ್ ಒಪ್ಪಿಸಿ, ಕೈ ತೊಳೆದುಕೊಂಡು ಹೊರಬಂದೆ.

ಆಮೇಲೆ ಒಂದು ದಿನ ಮಗಳ ಶಾಲೆಯವರು ಅವನನ್ನು ಸನ್ಮಾನಕ್ಕೆ ಕರೆದರು. ನಮ್ಮಪ್ಪನನ್ನು ಗಡಿಯಲ್ಲಿ ಬಿಟ್ಟು ಓಡಿದವನು ಅವನು ಎಂದು ಮಗಳು ತರಗತಿಯಲ್ಲಿ ಜಗಳವಾಡಿ, ಸುಳ್ಳಿ ಅನ್ನಿಸಿಕೊಂಡಿದ್ದಳು. ಸನ್ಮಾನದ ದಿನ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ, ಅವರು ಸುಳ್ಳು ಹೇಳಿದರೆ ನೀನೆದ್ದು ಹೇಳಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡಳು. ಹೇಳುತ್ತೇನೆ ಅಂದೆ. ಹೇಳಬೇಕೆಂದೇ ಹೋದೆ.

ಅವನು ವೇದಿಕೆಯಿಂದ ನನ್ನನ್ನು ಕಂಡು ಹೆಸರು ಹಿಡಿದು ಮೇಲಕ್ಕೆ ಕರೆದ. ತನಗೆ ಹೊದಿಸಿದ್ದ ಶಾಲು ತೆಗೆದು ನನಗೆ ಹೊದಿಸಿದ. ನನ್ನ ಜೀವದ ಗೆಳೆಯ, ಗಡಿವರೆಗೂ ಬಂದು ಪಾಪ ಜ್ವರ ಹಿಡಿದು ಮಲಗಿದ, ನಾನೇ ರೈಲು ಹತ್ತಿಸಿದೆ, ಅವನ ಆಸೆಯನ್ನೂ ಹೊತ್ತುಕೊಂಡು ಹೋದೆ ಎಂದು ಮೈಕಿನಲ್ಲಿ ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಮೈಕನ್ನು ನನ್ನ ಬಾಯಿಗೆ ಹಿಡಿದ.

"ಹೌದೇನ್ಲಾ?"

ಸೂಪರ್‌ವೈಸರ್ ಎದುರು ರಿಲೀವರನ್ನು ಬಿಟ್ಟುಕೊಡುವುದು ನಮ್ಮಲ್ಲಿಲ್ಲ. ಅವನು ಕೆಡಿಸಿದ ಪೀಸಿಗೆ ನಾನು, ನಾನು ಕೆಡಿಸಿದ್ದಕ್ಕೆ ಅವನು, ತಪ್ಪು ನನ್ನದೇ ಎಂದು ಎಷ್ಟೋ ಸಲ ಹೂಂ ಅಂದಿದ್ದೇವೆ. ಎರಡನೇ ಸಾಲಿನಲ್ಲಿ ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳನ್ನು ನೋಡಿಕೊಂಡೇ, ಹೌದು ಅಂದೆ. ಬಾಯಿಂದ ಅದೇ ಬಂತು.

ಕಾರ್ಯಕ್ರಮ ಮುಗಿದ ಮೇಲೆ ಅಂಗಳದಲ್ಲಿ ಅವಳು ಹತ್ತಿರ ಬಂದಳು. ಅಳುತ್ತಿರಲಿಲ್ಲ. ನಾನು ಶಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ. ಫೋನಿನಲ್ಲಿ ಹೇಳಿದ್ದೇ ನಿಜ ಕಣಮ್ಮಾ ಎಂದೆ.

"ನನ್ಗೊಬ್ಳಿಗೆ ಹೇಳಿದ್ರೆ ಏನ್ ಬಂತಪ್ಪಾ? ನಂಗದು ಮೊದ್ಲೇ ಗೊತ್ತಿತ್ತು."

ಅವಳ ತರಗತಿಯ ಹುಡುಗಿಯರು ಬೇವಿನ ಮರದ ಕೆಳಗೆ ನಿಂತು ನಮ್ಮ ಕಡೆಯೇ ನೋಡುತ್ತಿದ್ದರು. ಅವಳು ಅವರ ಹತ್ತಿರ ಹೋಗಲಿಲ್ಲ. ನನ್ನ ಹತ್ತಿರವೂ ನಿಲ್ಲಲಿಲ್ಲ.