ನಡುಮನೆಯ ಇನ್‌ಸ್ಪೆಕ್ಷನ್ ಚೇಂಬರ್

ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಕಾಂಪೊಸಿಷನ್ ಪುಸ್ತಕದ ಅಂಚಿನಲ್ಲಿ ಕೆಂಪು ಇಂಕಿನಿಂದ ಒಂದೇ ಮಾತು ಬರೆಯುತ್ತಿದ್ದರು: ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳು. ಆ ಪಾಠವನ್ನು ಮರೆಯುವುದಕ್ಕೆ ಸರ್ಕಾರ ನನಗೆ ತಿಂಗಳು ತಿಂಗಳು ಸಂಬಳ ಕೊಟ್ಟಿತು.

ನಾನು ಚಳ್ಳಕೆರೆಯ ಇಂಜಿನಿಯರಿಂಗ್ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ಎಣ್ಣೆ ಮಿಲ್ಲುಗಳಿಂದ ಶೇಂಗಾ ಹಿಂಡಿಯ ವಾಸನೆ ಕಿಟಕಿಯೊಳಗೆ ಬಂದು ಫೈಲುಗಳ ಮೇಲೆ ಕೂರುತ್ತಿತ್ತು. ಈಗ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಹಸಿವಾಗುವುದಿಲ್ಲ, ಎಸ್ಟಿಮೇಟಿನ ಮೊತ್ತ ಕೂಡಿಸುವ ಆಬ್‌ಸ್ಟ್ರಾಕ್ಟ್ ಶೀಟ್ ನೆನಪಾಗುತ್ತದೆ. ನನ್ನ ಕೆಲಸ ಟೈಪಿಂಗು, ಫೈಲಿಂಗು. ಆದರೆ ಸ್ಪೆಲಿಂಗ್ ತಪ್ಪದೆ ಇಂಗ್ಲಿಷ್ ಬರೆಯುವವಳು ಕಚೇರಿಯಲ್ಲಿ ನಾನೊಬ್ಬಳೇ ಎಂದು ಗೊತ್ತಾದ ದಿನವೇ, ನಮ್ಮ ಇಂಜಿನಿಯರ್ ಸಾಹೇಬರು ಎಸ್ಟಿಮೇಟುಗಳ ಸ್ಕೋಪ್ ಆಫ್ ವರ್ಕ್ ಬರೆಯುವುದನ್ನು ನನ್ನ ಮೇಜಿಗೆ ತಳ್ಳಿದರು.

ಸ್ಕೋಪ್ ಆಫ್ ವರ್ಕ್ ಎಂದರೆ ಏನೇನು ಕೆಲಸ ಮಾಡಬೇಕು ಎಂಬ ವಿವರಣೆ. ಸುಲಭ ಅಲ್ಲವೇ ಎಂದು ನಾನೂ ಅಂದುಕೊಂಡಿದ್ದೆ. ಮೊದಲ ವಾರವೇ ಒಂದು ಶಾಲೆಯ ಗೋಡೆಗೆ ‘ಗಟ್ಟಿಯಾದ, ಅಂದವಾದ ಗೋಡೆ’ ಎಂದು ಬರೆದೆ. ಸಾಹೇಬರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಟ್ಟಿತನವನ್ನು ಯಾವ ಯೂನಿಟ್ಟಿನಲ್ಲಿ ಅಳೆಯುತ್ತೀರಿ ಮೇಡಂ, ಅಂದಕ್ಕೆ ಚದರ ಮೀಟರಿಗೆ ರೇಟೆಷ್ಟು, ಎಂದು ಕೇಳಿದರು. ಆಮೇಲೆ ಬೀರುವಿನಿಂದ ಎಸ್‌ಆರ್ ಪುಸ್ತಕ ತೆಗೆದುಕೊಟ್ಟರು. ಶೆಡ್ಯೂಲ್ ಆಫ್ ರೇಟ್ಸ್. ಅಗೆಯುವುದು, ಕಟ್ಟುವುದು, ಬಳಿಯುವುದು, ಕೆಡವುವುದು, ಪ್ರತಿಯೊಂದಕ್ಕೂ ಅದರಲ್ಲಿ ಒಂದು ಐಟಂ, ಒಂದು ನಂಬರು, ಒಂದು ರೇಟು. ನಾವು ಬರೆಯುವ ಪ್ರತಿ ವಾಕ್ಯವೂ ಅದರ ಯಾವುದಾದರೊಂದು ಐಟಮ್ಮಿನ ಬಾಗಿಲಲ್ಲಿ ಹೋಗಿ ನಿಲ್ಲಬೇಕು. ಅದರಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ.

ಬೇಗ ಕಲಿತೆ. ಒಂದು ಹಳ್ಳಿಯವರು ಅರಳಿಮರಕ್ಕೆ ಕಟ್ಟೆ ಕಟ್ಟಿಸಿಕೊಡಿ ಎಂದು ಕೇಳಿದರು. ಪುಸ್ತಕದಲ್ಲಿ ಕಟ್ಟೆ ಇಲ್ಲ. ಹಾಗಾಗಿ ನಾನು ಅದನ್ನು ರಿಟೈನಿಂಗ್ ವಾಲ್ ಮಾಡಿದೆ, ಮೇಲೆ ಪೇವ್‌ಮೆಂಟ್ ಹಾಸಿದೆ. ಈ ಗೋಡೆ ಏನನ್ನು ತಡೆಹಿಡಿಯುತ್ತದೆ ಎಂದು ಮೇಲಿನ ಕಚೇರಿಯವರು ಪ್ರಶ್ನೆ ಹಾಕಿದರು. ಊರಿನ ಗಂಡಸರನ್ನು ಬೆಳಗಿನಿಂದ ಸಂಜೆಯವರೆಗೆ ತಡೆಹಿಡಿಯುತ್ತದೆ ಎಂದು ಬರೆಯಬೇಕೆಂದು ಕೈ ತುರಿಸಿತು. ‘ಮರದ ಬುಡದ ಮಣ್ಣನ್ನು’ ಎಂದು ಬರೆದೆ. ಪಾಸಾಯಿತು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಅಶೋಕನ ಶಾಸನ ಇದೆಯಲ್ಲ, ಅದನ್ನು ನಮ್ಮ ಕಚೇರಿಗೆ ಒಪ್ಪಿಸಿದ್ದರೆ ಕಲ್ಲಿನಲ್ಲಿ ಅಕ್ಷರ ಕೆತ್ತುವ ಐಟಮ್ಮಿನಲ್ಲಿ, ಅಕ್ಷರಕ್ಕಿಷ್ಟು ಎಂದು ಹಾಕುತ್ತಿದ್ದೆವು. ಧರ್ಮದ ವಿಷಯ ಕಡಿಮೆ ಅಕ್ಷರದಲ್ಲಿ ಮುಗಿಸಿ ಎಂದು ಚಕ್ರವರ್ತಿಗೆ ಒಂದು ಮೆಮೋ ಕೂಡ ಹೋಗುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಮೊಳಕಾಲ್ಮೂರಿನ ನೇಕಾರರಿಗೆ ಮನೆ ಕಟ್ಟಿಸಿಕೊಡುವ ಸ್ಕೀಮು ಬಂತು. ಬೆಂಗಳೂರಿನಿಂದ ಎಲ್ಲ ಮನೆಗೂ ಒಂದೇ ಟೈಪ್ ಡಿಸೈನ್ ಬಂತು. ಒಂದು ಹಾಲ್, ಒಂದು ಅಡುಗೆಮನೆ, ಒಂದು ಬಚ್ಚಲು, ನೆಲಕ್ಕೆಲ್ಲ ಕಲ್ಲು ಹಾಸಿ ಕಾಂಕ್ರೀಟು, ಮೇಲೆ ನುಣ್ಣನೆಯ ಸಿಮೆಂಟು. ನಕ್ಷೆ ಎಷ್ಟು ಚೆಂದವಿತ್ತೆಂದರೆ ಯಾರೂ ಅದರಲ್ಲಿ ವಾಸ ಮಾಡುವ ಯೋಚನೆಯನ್ನೇ ಮಾಡಿರಲಿಲ್ಲ. ಪಾಯ ಮುಗಿದ ಮೇಲೆ ಸಾಹೇಬರ ಜೀಪಿನಲ್ಲಿ, ಫಲಾನುಭವಿಗಳ ಸಹಿ ಹಾಕಿಸಿಕೊಳ್ಳಲು ನಾನೂ ಹೋದೆ.

ಅಲ್ಲಿ ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಒಬ್ಬ ನೇಕಾರ ಹೆಂಗಸು ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಗಂಡ ತೀರಿಕೊಂಡಿದ್ದ, ಮಗ್ಗ ಇವಳದೇ. ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸ ಪಾಯ ಹಾಕಿದ್ದರು. ಬಿಚ್ಚಿದ ಮಗ್ಗ ನಾದಿನಿಯ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿತ್ತು.

“ಕಾಲು ಎಲ್ಲಿ ಇಡಬೇಕು ಅಮ್ಮಾರೆ?” ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳು ನನ್ನನ್ನು ಪಕ್ಕದ ಮನೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಅವರ ಮಗ್ಗ ನೆಲಮಟ್ಟದಲ್ಲಿರುತ್ತದೆ. ನೇಯುವವರು ನೆಲದಲ್ಲಿ ತೋಡಿದ ಗುಂಡಿಯ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು ಹಲಗೆಗಳನ್ನು ತುಳಿಯುತ್ತಾರೆ. ಗುಂಡಿ ಇಲ್ಲದಿದ್ದರೆ ಮಗ್ಗ ಬರೀ ಸೌದೆ. ನಮ್ಮ ನಕ್ಷೆಯಲ್ಲಿ ನೇಕಾರರ ಮನೆಗೆ ಶೋಕೇಸ್ ಇತ್ತು, ಗುಂಡಿ ಇರಲಿಲ್ಲ. ಮನೆ ಕೈಗೆ ಬಂದಮೇಲೆ ತಾವೇ ನೆಲ ಒಡೆದುಕೊಳ್ಳೋಣವೆಂದರೆ ಹಕ್ಕುಪತ್ರದಲ್ಲಿ ಒಂದು ಷರತ್ತು, ಮನೆಯಲ್ಲಿ ಯಾವ ಮಾರ್ಪಾಡನ್ನೂ ಮಾಡುವಂತಿಲ್ಲ.

ಅವಳ ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ರೇಷ್ಮೆ ಕೊಟ್ಟು ನೇಯಿಸುವ ಸಾಹುಕಾರ, ಯುಗಾದಿಯವರೆಗೆ ಅವಳ ಹಾಸನ್ನು, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳನ್ನು, ಎತ್ತಿಟ್ಟಿರುತ್ತೇನೆ, ಅಷ್ಟರಲ್ಲಿ ಮಗ್ಗ ಕೂರದಿದ್ದರೆ ಬೇರೆ ಮನೆಗೆ ಕೊಡುತ್ತೇನೆ ಎಂದಿದ್ದ. ಒಮ್ಮೆ ಬೇರೆ ಮನೆಗೆ ಹೋದ ಹಾಸು ತಿರುಗಿ ಬರುವುದಿಲ್ಲವಂತೆ. “ಹಾಸು ಹೋದ್ರೆ ನಾನೂ ಕಡ್ಲೆಕಾಯಿ ಕೀಳಾಕೆ ಕೂಲಿ ಹೋಗ್ಬೇಕು. ಈ ಬೆರಳ್ಗೆ ಆ ಮಣ್ಣು ಹತ್ತಲ್ಲ ಅಮ್ಮಾರೆ,” ಎಂದು ಬೆರಳು ತೋರಿಸಿದಳು. ಬೆರಳಿನ ತುದಿಗಳು ಆ ವಯಸ್ಸಿನಲ್ಲೂ ಮೃದುವಾಗಿದ್ದವು. ಒರಟು ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ.

ಚಳ್ಳಕೆರೆಗೆ ಬಂದು ಪುಸ್ತಕ ತೆರೆದೆ. ಮಗ್ಗದ ಗುಂಡಿ ಎಂಬ ಐಟಂ ಇರಲಿಲ್ಲ. ಪುಸ್ತಕದಲ್ಲಿಲ್ಲದ ಕೆಲಸಕ್ಕೆ ಹೊಸದಾಗಿ ದರ ಲೆಕ್ಕ ಹಾಕಿ ಮಂಜೂರಿಗೆ ಕಳಿಸಬಹುದಿತ್ತು. ಆದರೆ ಹಾಗೆ ಮೇಲೆ ಹೋದ ಫೈಲುಗಳು ಪಿತೃಗಳ ಹಾಗೆ. ಮೇಲೆಯೇ ಇರುತ್ತಿದ್ದವು, ವರ್ಷಕ್ಕೊಮ್ಮೆ ನಾವು ನೆನೆಸಿಕೊಳ್ಳುತ್ತಿದ್ದೆವು. ಯುಗಾದಿ ಕಾಯುವುದಿಲ್ಲ. ಇರುವ ಗುಂಡಿಗಳಲ್ಲೇ ಒಂದನ್ನು ಆರಿಸಬೇಕಿತ್ತು.

“ಇಂಗುಗುಂಡಿ ಅಂತ ಬರೀರಿ ಮೇಡಂ,” ಎಂದರು ಸಾಹೇಬರು.

“ಇಂಗುಗುಂಡಿಗೆ ಜಲ್ಲಿ ತುಂಬಬೇಕು ಅಂತಿದೆ ಸರ್. ಕಾಲೆಲ್ಲಿ ಹೋಗುತ್ತೆ?”

“ಸೆಪ್ಟಿಕ್ ಟ್ಯಾಂಕು?”

“ಅಲ್ಲಿ ನೇಯ್ದ ಸೀರೆ ಮದುವೆ ಹೆಣ್ಣು ಉಡಬೇಕಲ್ಲ ಸರ್.”

ಸಾಹೇಬರು ಒಳ್ಳೆಯವರೇ. ಆದರೆ ಬುದ್ಧಿ ಓಡಿಸುವುದಕ್ಕೆ ಯಾವ ಐಟಂ ಎಂದು ಯೋಚಿಸುವವರು. ಕೊನೆಗೆ ನನಗೇ ಒಳಚರಂಡಿಯ ಅಧ್ಯಾಯದಲ್ಲಿ ಇನ್‌ಸ್ಪೆಕ್ಷನ್ ಚೇಂಬರ್ ಸಿಕ್ಕಿತು. ಬೀದಿಯಲ್ಲಿ ಚರಂಡಿ ಪೈಪುಗಳು ಸೇರುವಲ್ಲಿ ಇಣುಕಿ ನೋಡಲೆಂದು ಕಟ್ಟುವ ಇಟ್ಟಿಗೆಯ ಗುಂಡಿ. ಆಳ ಸರಿ, ಅಗಲ ಸರಿ, ಒಳಗೆ ಪ್ಲಾಸ್ಟರು. ಎರಡು ಕಾಲು ಆರಾಮವಾಗಿ ಆಡುತ್ತವೆ. ಪ್ರೊವೈಡಿಂಗ್ ಅಂಡ್ ಕನ್‌ಸ್ಟ್ರಕ್ಟಿಂಗ್ ಎಂದು ಶುರು ಮಾಡಿ, ಅರ್ಧ ಪುಟದವರೆಗೆ ಫುಲ್‌ಸ್ಟಾಪ್ ಇಲ್ಲದ ಒಂದೇ ವಾಕ್ಯವನ್ನು ಕಂಪ್ಲೀಟ್ ಆಸ್ ಪರ್ ಸ್ಪೆಸಿಫಿಕೇಷನ್ಸ್ ಎಂದು ಮುಗಿಸಿದೆ. ಸಿಸ್ಟರ್ ಓದಿದ್ದರೆ ಶಿಲುಬೆ ಮುಟ್ಟಿಕೊಳ್ಳುತ್ತಿದ್ದರು. ದುರ್ಗದ ದೊಡ್ಡ ಸಾಹೇಬರ ಕಚೇರಿಯಿಂದ ಒಂದೇ ಆಕ್ಷೇಪ ಬಂತು. ಚೇಂಬರಿಗೆ ಪೈಪಿನ ಸಂಪರ್ಕ ತೋರಿಸಿಲ್ಲ. ‘ಎರಡನೇ ಹಂತದಲ್ಲಿ ಕೈಗೊಳ್ಳಲಾಗುವುದು’ ಎಂದು ಉತ್ತರಿಸಿದೆವು. ಮಂಜೂರಾಯಿತು. ಮನೆಯ ನಡುವೆ ಚರಂಡಿಯ ಗುಂಡಿ ಏಕೆ ಎಂದು ಯಾರೂ ಕೇಳಲಿಲ್ಲ. ಮನೆ ಎಂಬುದಕ್ಕೆ ಐಟಂ ಇರಲಿಲ್ಲವಲ್ಲ, ಇಟ್ಟಿಗೆ, ಗಾರೆ, ಬಾಗಿಲು ಬೇರೆ ಬೇರೆ ಪುಟಗಳಲ್ಲಿದ್ದವು.

ಯುಗಾದಿ ಹತ್ತಿರ ಬಂದಾಗ ಅವಳು ಬಸ್ಸು ಹಿಡಿದು ನಮ್ಮ ಕಚೇರಿಗೇ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನನ್ನ ಮೇಜಿನ ಪಕ್ಕ ನಿಂತು, ಮೆಲ್ಲಗೆ ಹೇಳಿದಳು. ಗುಂಡಿ ಬಂದೈತೆ, ಚೆನ್ನಾಗೈತೆ, ಆದರೆ ಮೇಲೆ ಚಪ್ಪಡಿ ಕೂರಿಸಿ ಸಿಮೆಂಟು ಮೆತ್ತವ್ರೆ.

ಸಾಹೇಬರು ಕಂಟ್ರಾಕ್ಟರನ್ನು ಕರೆಸಿದರು. ಅವನು ಎಸ್ಟಿಮೇಟಿನ ಪ್ರತಿಯನ್ನು ಜೇಬಿನಿಂದ ತೆಗೆದು ನನ್ನ ಮುಂದೆಯೇ ಹಿಡಿದ. ಇನ್‌ಕ್ಲೂಡಿಂಗ್ ಆರ್‌ಸಿಸಿ ಕವರ್ ಸ್ಲ್ಯಾಬ್. ಐಟಂ ಅಂದರೆ ಅಷ್ಟೂ ಸೇರಿ ಐಟಂ. ಅದರಲ್ಲಿ ಗುಂಡಿ ಮಾತ್ರ ಬೇಕು ಮುಚ್ಚಳ ಬೇಡ ಎನ್ನುವಂತಿಲ್ಲ. “ನಾನು ಮುಚ್ಲಿಲ್ಲ ಅಂದ್ರೆ ನೀವೇ ಬಿಲ್ ಮುಚ್ತೀರಿ ಮೇಡಮ್ಮಾರೆ,” ಎಂದ. ಸಾಹೇಬರು ಹೌದೆಂದು ತಲೆಯಾಡಿಸಿದರು. ದೊಡ್ಡ ಸಾಹೇಬರು ಬಂದು ಅಳತೆ ಪರಿಶೀಲಿಸಬೇಕು. ಮುಚ್ಚಳ ಇಲ್ಲದಿದ್ದರೆ ಚೇಂಬರ್ ಅಪೂರ್ಣ, ಚೇಂಬರ್ ಅಪೂರ್ಣವಾದರೆ ಮನೆ ಅಪೂರ್ಣ, ಅಪೂರ್ಣ ಮನೆಯ ಬೀಗದ ಕೈ ಕೊಡುವಂತಿಲ್ಲ. ಮುಚ್ಚಳ ಇದ್ದರೆ ಬೀಗದ ಕೈ ಸಿಗುತ್ತದೆ, ತೆಗೆದರೆ ಷರತ್ತಿನ ಉಲ್ಲಂಘನೆ.

ಅವಳು ಎಲ್ಲರ ಮುಖ ನೋಡಿದಳು. ಅಳಲಿಲ್ಲ. “ಹಂಗಾದ್ರೆ ಮನೆ ಪೂರಾ ಆಗೈತೆ, ನಾನೊಬ್ಳೇ ಅರ್ಧ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ನಾನು ಆ ಸಂಜೆ ದೊಡ್ಡ ಸಾಹೇಬರ ಪ್ರವಾಸದ ಟಿಪ್ಪಣಿ ಟೈಪ್ ಮಾಡುತ್ತಿದ್ದೆ. ನಮ್ಮಲ್ಲಿ ಒಂದು ನಿಯಮವಿತ್ತು. ನೆಲದೊಳಗೆ ಅಡಗಿದ ಯಾವ ಕೆಲಸವನ್ನೂ ಬರೀ ಮಾತಿನ ಮೇಲೆ ನಂಬಬಾರದು, ತೆರೆಸಿ ಅಳೆಯಬೇಕು. ಕಂಟ್ರಾಕ್ಟರುಗಳ ಮೇಲಿನ ಪ್ರೀತಿಯಿಂದ ಹುಟ್ಟಿದ ನಿಯಮ. ಯಾರೂ ಪಾಲಿಸುತ್ತಿರಲಿಲ್ಲ. ನಾನು ಟಿಪ್ಪಣಿಯ ಕೊನೆಗೆ ಒಂದು ಸಾಲು ಸೇರಿಸಿದೆ: ಚೇಂಬರುಗಳು ಹಿಡನ್ ಐಟಂ ಆದ್ದರಿಂದ ಕವರ್ ತೆರೆಸಿ ಆಳ ಪರಿಶೀಲಿಸುವುದು. ಸಾಹೇಬರು ಓದಿ, ನನ್ನ ಕಡೆ ಒಮ್ಮೆ ನೋಡಿ, ಸಹಿ ಹಾಕಿದರು. ಆ ಭಾನುವಾರ ಮೊಳಕಾಲ್ಮೂರಿಗೆ ಸೀರೆ ನೋಡಲು ಹೋದ ನಾನು, ತೆರೆಸುತ್ತಾರೆ ಎಂದಷ್ಟೇ ಅವಳಿಗೆ ಹೇಳಿಬಂದೆ. ಮುಂದಿನದನ್ನು ಹೇಳಿಕೊಡುವ ಅಗತ್ಯ ಬೀಳಲಿಲ್ಲ.

ದೊಡ್ಡ ಸಾಹೇಬರು ಬಂದರು. ಅವರ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸಲೆಂದು ನನ್ನನ್ನೂ ಜೀಪಿನ ಹಿಂದೆ ಕೂರಿಸಿದ್ದರು. ಅವಳ ಮನೆಯ ಹಾಲ್ ನಡುವೆ ನಿಂತು ಚಪ್ಪಡಿಯನ್ನು ಬೂಟಿನ ತುದಿಯಿಂದ ತಟ್ಟಿದರು.

“ಇದೇನ್ರೀ, ಹಾಲ್‌ನಲ್ಲಿ ಚೇಂಬರು?”

ನಮ್ಮ ಸಾಹೇಬರು ನನ್ನನ್ನು ನೋಡಿದರು. “ಆಸ್ ಪರ್ ಸ್ಯಾಂಕ್ಷನ್ಡ್ ಎಸ್ಟಿಮೇಟ್, ಸರ್,” ಎಂದೆ. ಅದರ ಮೇಲೆ ಮಂಜೂರಾತಿಯ ಸಹಿ ದೊಡ್ಡ ಸಾಹೇಬರದೇ ಇತ್ತು. ಲೋಕದಲ್ಲಿ ಈ ಉತ್ತರಕ್ಕೆ ಮರುಮಾತಿಲ್ಲ.

ಮೇಸ್ತ್ರಿ ಉಳಿ ಹಿಡಿದು ಸಿಮೆಂಟು ಬಿಡಿಸಿದ. ಇಬ್ಬರು ಸೇರಿ ಚಪ್ಪಡಿ ಎತ್ತಿ ಗೋಡೆಗೊರಗಿಸಿದರು. ಟೇಪು ಬಿಟ್ಟರು, ಆಳ ಕೂಗಿದರು, ಉದ್ದ ಅಗಲ ಕೂಗಿದರು, ಚಪ್ಪಡಿಯ ದಪ್ಪವನ್ನೂ ಅಳೆದು ಬರೆದುಕೊಂಡರು. ಟೇಪು ಸುತ್ತಿಕೊಳ್ಳುತ್ತಿದ್ದಂತೆ, ಬಾಗಿಲಲ್ಲಿ ನಿಂತಿದ್ದ ಅವಳು ಒಳಗೆ ಬಂದು, ಸೀರೆಯ ನಿರಿಗೆ ಸರಿಮಾಡಿಕೊಂಡು, ಗುಂಡಿಯ ಅಂಚಿನಲ್ಲಿ ಕೂತು ಎರಡೂ ಕಾಲು ಒಳಗೆ ಇಳಿಬಿಟ್ಟಳು. ಎಷ್ಟೋ ತಿಂಗಳ ಮೇಲೆ ತನ್ನ ಕುರ್ಚಿಗೆ ಬಂದ ಆಫೀಸರಿನ ಹಾಗೆ ಕೂತಳು.

“ಏಳಮ್ಮ, ಮುಚ್ಚಬೇಕು,” ಎಂದರು ದೊಡ್ಡ ಸಾಹೇಬರು.

“ಮುಚ್ರಿ ಸಾಮಿ. ಕಾಲು ಒಳಗೇ ಇರ್ಲಿ.”

ಮೇಸ್ತ್ರಿ ಉಳಿಯನ್ನು ನೋಡುತ್ತ ನಿಂತ. ಹೊರಗೆ ಬೀದಿಯವರೆಲ್ಲ ಸೇರಿದ್ದರು. ಯಾರೋ ತೆಲುಗಿನಲ್ಲಿ ಏನೋ ಅಂದರು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ದೊಡ್ಡ ಸಾಹೇಬರು ವಾಚು ನೋಡಿದರು. ರಾಂಪುರದಲ್ಲಿ ಅವರಿಗೆ ಊಟ ಕಾದಿತ್ತು. ಮುಚ್ಚಳದ ಅಳತೆ ಆಯಿತೇ ಎಂದು ಕೇಳಿದರು. ಆಗಿದೆ ಎಂದೆ. ಕವರ್ ಇರುವುದು ಖಾತ್ರಿಯಾಯಿತೇ? ಗೋಡೆಗೊರಗಿದೆ ಸರ್ ಎಂದೆ. ಅದನ್ನು ತೆಗೆಯುವುದು ಮಾರ್ಪಾಡು ಆಗುವುದಿಲ್ಲವೇ ಎಂದು ನಮ್ಮ ಸಾಹೇಬರು ಪಿಸುಗುಟ್ಟಿದಾಗ, ಇನ್‌ಸ್ಪೆಕ್ಷನ್ ಚೇಂಬರಿನ ಕವರ್ ಇರುವುದೇ ತೆಗೆದು ಇನ್‌ಸ್ಪೆಕ್ಟ್ ಮಾಡುವುದಕ್ಕೆ ಸರ್, ಎಂದೆ. ದೊಡ್ಡ ಸಾಹೇಬರು ಸಹಿ ಹಾಕಿ ಜೀಪು ಹತ್ತಿದರು.

ಯುಗಾದಿಗೆ ಮುಂಚೆ ಮಗ್ಗ ಕೂತಿತು. ಸಾಹುಕಾರ ಹಾಸು ಕಳಿಸಿದ. ಉಳಿದ ಮನೆಯವರೂ ತಮ್ಮ ತಮ್ಮ ಮುಚ್ಚಳ ತೆಗೆದು ಇನ್‌ಸ್ಪೆಕ್ಷನ್ ಶುರುಮಾಡಿದರು. ಚಪ್ಪಡಿಗಳೆಲ್ಲ ಮನೆಯ ಮುಂದೆ ಬಟ್ಟೆ ಒಗೆಯುವ ಕಲ್ಲುಗಳಾದವು. ಆರ್‌ಸಿಸಿ, ಬಹಳ ಗಟ್ಟಿ. ಗಟ್ಟಿತನಕ್ಕೆ ಯೂನಿಟ್ ಇಲ್ಲ ಎಂದವರು ಒಮ್ಮೆ ಹೋಗಿ ನೋಡಬೇಕಿತ್ತು. ಸಿಮೆಂಟಿನ ಥಂಡಿ ಕಾಲಿಗೆ ಆಗದೆ ಅವಳು ಗುಂಡಿಯ ತಳಕ್ಕೆ ಗೋಣಿಚೀಲ ಹಾಸಿಕೊಂಡಳು, ಅಷ್ಟೇ.

ನಾನು ರಿಟೈರ್ ಆದಮೇಲೆ ಒಮ್ಮೆ ಅಕ್ಕನ ಮೊಮ್ಮಗಳ ಮದುವೆಗೆ ಸೀರೆ ಕೊಳ್ಳಲು ಅಲ್ಲಿಗೆ ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅವಳದೂ, ನನ್ನದೂ. ಲಾಳಿ ನಿಲ್ಲಿಸದೆ ಕೂರಲು ಹೇಳಿದಳು. ಮನೆಯ ಹೊರಗೆ ಎರಡು ಕಲ್ಲುಕಂಬದ ಮೇಲೆ ದಪ್ಪನೆಯ ಚರಂಡಿ ಪೈಪೊಂದು ಅಡ್ಡ ಮಲಗಿತ್ತು. ಅದರ ಮೇಲೆ ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿಗಳು ಒಣಗುತ್ತಿದ್ದವು, ಕುಂಕುಮ, ಗಿಳಿಹಸಿರು, ನವಿಲು ನೀಲಿ.

ಎರಡನೇ ಹಂತ ಬಂದಿತ್ತಂತೆ. ಒಬ್ಬ ಹೊಸ ಇಂಜಿನಿಯರು, ಚೇಂಬರಿಗೆ ಪೈಪ್ ಜೋಡಿಸಬೇಕು ಎಂದು ಆಳುಗಳ ಸಮೇತ ಬಾಗಿಲಿಗೆ ಬಂದನಂತೆ. ನಾನು ಕಾಲು ತೆಗೆದ ದಿನ ಬಂದು ಜೋಡ್ಸಪ್ಪ ಎಂದಳಂತೆ. ಅವನು ಕೆಲಸ ಪೂರ್ಣವಾಯಿತೆಂದು ಬರೆದುಕೊಂಡು ಪೈಪನ್ನು ಅಲ್ಲೇ ಬಿಟ್ಟುಹೋದನಂತೆ.

ಸೀರೆ ಆರಿಸಿಕೊಂಡೆ. ಹೊರಡುವಾಗ ಅವಳು ಗುಂಡಿಯಿಂದ ಏಳದೆ, ಕತ್ತು ಮಾತ್ರ ತಿರುಗಿಸಿ ಕೇಳಿದಳು.

“ಮಳೆಗಾಲ್ದಾಗೆ ಲಡಿ ಒಣಗ್ಸಾಕೆ ಆ ಒಂದು ಪೈಪು ಸಾಲಲ್ಲ ಅಮ್ಮಾರೆ. ಮೂರ್ನೇ ಹಂತ ಐತಾ?”