ಗುಡುಗಮ್ಮನ ಬೈಗುಳವೂ ಕಂಪನಿಯ ಬೌದ್ಧಿಕ ಬಂಡವಾಳವೂ

ಗುಡುಗಮ್ಮ ಫೋನೆತ್ತುವ ಮುನ್ನ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಮೂರನೇ ಮಹಡಿಯ ಪ್ರಿಂಟರು ಹಾಳೆ ನುಂಗುವುದನ್ನು ಬಿಡುತ್ತಿತ್ತು, ಮೇಲಕ್ಕೆ ಹೊರಟ ಲಿಫ್ಟು ಮನಸ್ಸು ಬದಲಿಸುತ್ತಿತ್ತು, ಮ್ಯಾನೇಜರು ಮೇಜಿನಡಿ ಇಲ್ಲದ ಪೆನ್ನು ಹುಡುಕುತ್ತಿದ್ದರು. ಹತ್ತಾರು ದೇಶಗಳಲ್ಲಿ ಬಟ್ಟೆ ಒಗೆಯುವ ಯಂತ್ರ ಮಾರುವ ಕಂಪನಿಯೊಂದರ ದೂರು ವಿಭಾಗ ಆಕೆಯ ರಣರಂಗ.

"ಅಲ್ಲಯ್ಯಾ, ಬೂಟನ್ನೂ ತುರುಕಿದೀಯಾ? ನಿನ್ನನ್ನೇ ಒಳಗೆ ಹಾಕಿ ತಿರುಗಿಸಿದ್ರೆ ಹೆಂಗಿರುತ್ತೆ? ತೆಗಿ ಮೊದಲು! ಹ್ಞಾ, ಈಗ ಓಡ್ತಾ? ಮಗಳ ಜ್ವರ ಬಿಡ್ತಾ?"

ಬೈಸಿಕೊಂಡವರು ಮುಂದಿನ ಸಲವೂ ಅದೇ ಯಂತ್ರ ಕೊಳ್ಳುತ್ತಿದ್ದರು, ಬೀಗರಿಗೂ ಕೊಡಿಸುತ್ತಿದ್ದರು.

ಹೀಗಿರಲು ಪ್ರಧಾನ ಕಚೇರಿಗೆ ಜ್ಞಾನೋದಯವಾಯಿತು. ನೌಕರರ ತಲೆಯಲ್ಲಿರುವುದೇ ಕಂಪನಿಯ ಬೌದ್ಧಿಕ ಬಂಡವಾಳ, ಅದನ್ನು ಹಿಂಡಿ ಕಂಪ್ಯೂಟರಿಗೆ ತುಂಬಬೇಕಂತೆ. ಹಿಂಡಿದ ಮೇಲೆ ಸಿಪ್ಪೆ ಯಾಕೆ? ಸೂಟು ತೊಟ್ಟ ಸಲಹೆಗಾರನೊಬ್ಬ ಇಳಿದ. ಆಕೆಯ ಕರೆಗಳ ಧ್ವನಿಮುದ್ರಣ ಕೇಳಿ, ಬೈಗುಳವನ್ನೂ ಮಕ್ಕಳುಮರಿಗಳ ವಿಚಾರಣೆಯನ್ನೂ ಕಸವೆಂದು ಗುಡಿಸಿಹಾಕಿ, ಮಿಕ್ಕಿದ್ದನ್ನು ಜೇನು ಸವರಿದ ಯಂತ್ರಧ್ವನಿಯೊಂದಕ್ಕೆ ಕಲಿಸಿದ. ಕಾಳು ತೂರಿಬಿಟ್ಟು ಹೊಟ್ಟನ್ನು ಕಣಜಕ್ಕೆ ತುಂಬಿದ ಆ ಮಹಾನುಭಾವನಿಗೆ ಶಾಲು. ಗುಡುಗಮ್ಮನಿಗೆ ಹೂಗುಚ್ಛ, ಕೆಲಸದಿಂದ ಬಿಡುಗಡೆ. ಅದಕ್ಕೆ ಚಪ್ಪಾಳೆ ಬೇರೆ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಮನೆಯಲ್ಲಿ ದರ್ಜಿ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದ: "ಹಂಗಾದ್ರೆ ಇನ್ಮೇಲೆ ಪೂರ್ತಿ ಬೈಗುಳ ನಂಗೊಬ್ಬಂಗೇನಾ?"

"ಬಾಯ್ಮುಚ್ಚು. ನಿನ್ನ ಗುಂಡಿ ಹೊಲಿಗೇಲಿ ಸಂಸಾರ ನಡಿಯುತ್ತಾ?" ಎಂದವಳು ಚಿಂದಿ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ಅತ್ತ ಜೇನುಧ್ವನಿ ಕೆಲಸಕ್ಕೆ ಹತ್ತಿತು. ಗಿರಾಕಿಗಳು, "ಆಯಮ್ಮ ಎಲ್ಲಿ?" ಎಂದರೆ, "ನಿಮ್ಮ ಕರೆ ನಮಗೆ ಅಮೂಲ್ಯ" ಎನ್ನುತ್ತಿತ್ತು. "ಬದುಕಿದಾಳೇನ್ರೀ?" ಎಂದರೂ ಅದೇ. ಗಿರಾಕಿಗಳು ಒಬ್ಬೊಬ್ಬರಾಗಿ ಎದುರಾಳಿ ಕಂಪನಿಯತ್ತ ಜಾರಿದರು. ಮಾರಾಟ ಮಕಾಡೆ ಮಲಗಿತು. ವಾರ್ಷಿಕ ವರದಿ ಮಾತ್ರ ನಾಚಿಕೆ ಬಿಟ್ಟು, ಬೌದ್ಧಿಕ ಬಂಡವಾಳ ಉಕ್ಕಿ ಹರಿಯುತ್ತಿದೆ ಎಂದು ಸಾರಿತು. ಆ ಬಂಡವಾಳ ಸೆರಗು ಬಿಗಿದು ಬಸ್ಸು ಹತ್ತಿ ಮನೆಗೆ ಹೋಗಿದ್ದನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಕೊನೆಗೆ ಸಾಕ್ಷಾತ್ ನಿರ್ದೇಶಕರೇ ಏದುಸಿರು ಬಿಡುತ್ತಾ ಆಕೆಯ ಮನೆಯ ಮೆಟ್ಟಿಲೇರಿದರು. ಚಿಂದಿಗಳ ನಡುವೆ ಕೈಮುಗಿದು ನಿಂತರು.

"ತಾಯೀ, ನೀವು ನಮ್ಮ ಬೌದ್ಧಿಕ ಸಂಪತ್ತು! ವಾಪಸ್ ಬನ್ನಿ. ದುಪ್ಪಟ್ಟು ಸಂಬಳ, ಸ್ವಂತ ಕೋಣೆ. ಯಾರಿಗೆ ಬೇಕಾದ್ರೂ ಬೈರಿ, ಬೇಕಾದ್ರೆ ನನಗೂ!"

ಗಂಡ ಕಿವಿ ಮುಚ್ಚಿಕೊಂಡ.

"ಆಗಲ್ಲ ಸಾರ್," ಎಂದಳು ಗುಡುಗಮ್ಮ ಮೆಲ್ಲಗೆ. "ಆ ಇನ್ನೊಂದು ಕಂಪನಿ ಸೇರ್ಕೊಂಡಿದೀನಿ. ಅದು ಮನೆಗೆ ಹತ್ರ."